ಪಂಡಿತರು ಪಾಸು ಮಾಡಿದ ಟೈರು

ನೀರು ಸರಬರಾಜು ಕಚೇರಿಯ ಟಪಾಲು ಗುಮಾಸ್ತರಿಗೆ ‘ಟೈರ್ ಪಂಡಿತರು’ ಎಂಬ ಹೆಸರು ಅಂಟಿದ್ದಕ್ಕೆ ಮೂಲ ಕಾರಣ ಕ್ಷೌರದ ಅಂಗಡಿಯ ಜನಸಂದಣಿ. ಆ ದಿನ ಅವರ ಮುಂದೆ ನಾಲ್ಕು ತಲೆಗಳಿದ್ದವು. ಕಾಯುತ್ತ ಕೂತವರ ಕೈಗೆ ರಟ್ಟು ಹರಿದ ಒಂದು ಮೋಟಾರು ಪತ್ರಿಕೆ ಸಿಕ್ಕಿತು. ಅದರಲ್ಲಿ, ಸವೆದ ಟೈರಿನಲ್ಲಿ ರೇಸ್ ಟ್ರ್ಯಾಕಿಗೆ ಇಳಿಯಬಹುದೇ ಎಂಬುದರ ಬಗ್ಗೆ ಎರಡು ಪುಟಗಳ ಲೇಖನ. ಮೊದಲ ಪುಟ ಓದಿ ಮುಗಿಸುವಷ್ಟರಲ್ಲಿ ಕುರ್ಚಿ ಖಾಲಿಯಾಯಿತು. ಎರಡನೆಯ ಪುಟ ಹಾಗೇ ಉಳಿಯಿತು.

ಮರುದಿನ ಚಹಾದ ಹೊತ್ತಿಗೆ ಗುಮಾಸ್ತರು ಆ ಒಂದು ಪುಟವನ್ನು ಹತ್ತು ನಿಮಿಷಕ್ಕೆ ಎಳೆದು ಸಹೋದ್ಯೋಗಿಗಳಿಗೆ ಉಣಬಡಿಸಿದರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವರ ಮಾತನ್ನು ಅಷ್ಟು ಜನ ಕೂತು ಕೇಳಿದ್ದು ಅದೇ ಮೊದಲು. ಬಾಗಿಲಲ್ಲಿ ನಿಂತು ಸಾಹೇಬರೂ ಕೇಳಿಸಿಕೊಂಡರು. ಸಾಹೇಬರು ಆಗಷ್ಟೇ ಕೆಂಪು ಬಣ್ಣದ, ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿದ್ದರು.

ಮುಂದಿನ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಆ ಕೆಂಪು ಕಾರು ಪಂಡಿತರ ಮನೆ ಮುಂದೆ ಬಂದು ಹಾರ್ನ್ ಹೊಡೆಯಿತು. ಪಂಡಿತರು ಬಾಯಲ್ಲಿ ಬ್ರಷ್ಷು, ಹೆಗಲ ಮೇಲೆ ಟವೆಲ್ಲು ಇಟ್ಟುಕೊಂಡೇ ಓಡಿ ಬಂದರು.

“ಪಂಡಿತರೇ, ಒಂದ್ನಿಮಿಷದ ಕೆಲಸ” ಎಂದರು ಸಾಹೇಬರು. “ಊರಾಚೆ ರೇಸ್ ಟ್ರ್ಯಾಕಲ್ಲಿ ಇವತ್ತು ಯಾರು ಬೇಕಾದ್ರೂ ತಮ್ಮ ಕಾರು ಓಡಿಸ್ಬಹುದು. ತಿಂಗಳಿಗೊಂದೇ ದಿನ. ಈ ಟೈರು ಇವತ್ತೊಂದು ದಿನ ಬರತ್ತಾ, ನೋಡಿ ಹೇಳಿ. ಬರತ್ತೆ ಅಂತ ನನಗನ್ಸತ್ತೆ. ಆದ್ರೆ ತಿಳ್ಕೊಂಡೋರು ನೀವು ಹೇಳ್ಬೇಕು.”

ಪಂಡಿತರು ಬಾಯಿಯ ನೊರೆ ನುಂಗಿದರು. ‘ನನಗೆ ಗೊತ್ತಿಲ್ಲ’ ಎನ್ನುವುದಕ್ಕೆ ಅದು ತಕ್ಕ ಸಮಯವಾಗಿತ್ತು. ಆದರೆ ಮೇಲಿನವರೆದುರು ‘ಇಲ್ಲ’ ಎಂಬ ಶಬ್ದ ಅವರ ಗಂಟಲವರೆಗೆ ಬರುತ್ತಿತ್ತೇ ಹೊರತು ಅದರಾಚೆ ಬರುತ್ತಿರಲಿಲ್ಲ. ಅಲ್ಲಿ ಅದು ಕೆಮ್ಮಾಗುತ್ತಿತ್ತು. ಈಗಲೂ ಕೆಮ್ಮಿದರು. ಕೆಮ್ಮಿ ಟೈರಿನ ಮುಂದೆ ಕುಕ್ಕರಗಾಲಲ್ಲಿ ಕೂತರು.

ಬೀದಿಗೆ ಇಷ್ಟು ಸಾಕಾಯಿತು. ಎದುರುಮನೆಯ ದರ್ಜಿ ಕೊರಳಿಗೆ ಟೇಪು ಹಾಕಿಕೊಂಡೇ ಬಂದ. ಭಾನುವಾರವೂ ಆ ಟೇಪು ಅವನ ಕೊರಳು ಬಿಡುತ್ತಿರಲಿಲ್ಲ.

“ಅಳತೆ ತಗೋಬೇಕಾ ಸ್ವಾಮಿ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಟೈರನ್ನು ಅಪ್ಪಿಕೊಂಡು ಅಳೆದ. “ಪೂರ್ತಿ ಸಿಗಲ್ಲ, ನೆಲ ಅಡ್ಡ ಬರತ್ತೆ. ಅರ್ಧ ಸೊಂಟ ಮೂವತ್ತಾರು ಇಂಚು.”

“ಒದ್ದು ನೋಡ್ರೀ!” ಎಂದು ಮಹಡಿ ಮನೆಯ ನಿವೃತ್ತ ಮೇಷ್ಟ್ರು ಮೇಲಿನಿಂದ ಕೂಗಿದರು. “ಟೈರ್ ನೋಡೋದು ಅಂದ್ರೆ ಒದೆಯೋದು! ನಮ್ಮ ಕಾಲದಲ್ಲಿ ಎಲ್ಲ ಒದೀತಿದ್ರು!”

ಪಂಡಿತರು ಒದ್ದರು. ಕಾಲಲ್ಲಿದ್ದದ್ದು ಹವಾಯಿ ಚಪ್ಪಲಿ. ಟೈರು ಗಾರೆಗೋಡೆಯಷ್ಟು ಗಟ್ಟಿಯಾಗಿತ್ತು. ಹೆಬ್ಬೆರಳಿನಿಂದ ಹೊರಟ ನೋವು ನೆತ್ತಿಗೆ ಹೋಗಿ ಬಂತು. ಅದನ್ನು ಅವರು ಗಂಭೀರ ಚಿಂತನೆಯಂತೆ ಕಾಣಿಸಲು ಹಣೆ ಗಂಟಿಕ್ಕಿದರು.

“ಗಟ್ಟಿ ಇದೆ ಸಾರ್” ಎಂದರು, ಕಣ್ಣಂಚಿನ ನೀರು ಒರೆಸಿಕೊಳ್ಳುತ್ತ. ನಂತರ ಪತ್ರಿಕೆಯ ಮೊದಲ ಪುಟ ನೆನಪಿಗೆ ಬಂತು. “ಇಲ್ಲಿ ನೋಡಿ, ಈ ಗೆರೆಗಳ ಮಧ್ಯೆ ಚಿಕ್ಕ ಚಿಕ್ಕ ದಿಬ್ಬ ಇರತ್ತೆ. ರಬ್ಬರು ಸವೆದು ಈ ದಿಬ್ಬದ ಸಮಕ್ಕೆ ಬಂದ್ರೆ ಟೈರು ಮುಗೀತು ಅಂತ. ನಿಮ್ದು ಇನ್ನೂ ಕೂದಲೆಳೆಯಷ್ಟು ಮೇಲಿದೆ. ಅಲ್ದೆ, ಒಣಗಿದ ಟ್ರ್ಯಾಕಿಗೆ ಹೊಸ ಟೈರಿಗಿಂತ ಸ್ವಲ್ಪ ಸವೆದಿದ್ದೇ ಚೆನ್ನಾಗಿ ಹಿಡಿಯತ್ತೆ.”

“ನಾನೂ ಅದನ್ನೇ ಅಂದ್ಕೊಂಡಿದ್ದು!” ಸಾಹೇಬರ ಮುಖ ಅರಳಿತು. “ಮತ್ತೆ ಇಲ್ಲಿ ಪಕ್ಕದಲ್ಲಿ ನಾಲ್ಕು ಅಂಕಿ ಇದ್ಯಲ್ಲ, ಏನದು?”

ಅದು ಎರಡನೆಯ ಪುಟದಲ್ಲಿತ್ತೋ ಏನೋ. “ಅದು ಕಂಪನಿಯವರ ಲೆಕ್ಕ ಸಾರ್. ನಮಗೆ ಸಂಬಂಧ ಇಲ್ಲ.”

ಆಗ ಪಂಡಿತರ ಹೆಂಡತಿ ಬಾಗಿಲಿಗೆ ಬಂದರು. ಆಕೆ ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ನರ್ಸು. “ರೀ, ಒಳಗಡೆ ನೋಡಿದ್ರಾ?” ಎಂದು ಕೇಳಿದರು.

ಪಂಡಿತರು ಕಾರಿನ ಕಿಟಕಿಯಲ್ಲಿ ಇಣುಕಿ, “ಒಳಗೆಲ್ಲ ಚೆನ್ನಾಗಿದೆ ಕಣೆ, ಸೀಟಿಗೆ ಹೊಸ ಬಟ್ಟೆ ಹಾಕ್ಸಿದ್ದಾರೆ” ಎಂದರು.

ಹೆಂಡತಿ ಏನೋ ಹೇಳಲು ಬಾಯಿ ತೆರೆದು, ಸಾಹೇಬರನ್ನು ನೋಡಿ ಒಳಗೆ ಹೋದರು.

ಇಷ್ಟಕ್ಕೇ ಮುಗಿದಿದ್ದರೆ ಪಂಡಿತರು ಬ್ರಷ್ಷು ಮುಗಿಸಿ ತಿಂಡಿ ತಿನ್ನಬಹುದಿತ್ತು. ಆದರೆ ಸಾಹೇಬರು, “ನೀವೂ ಬನ್ನಿ. ಅಲ್ಲಿ ಟೈರ್ ನೋಡೋರು ಒಬ್ಬರಿದ್ದಾರೆ, ಸ್ವಲ್ಪ ಬಿಗಿಯಂತೆ. ನಿಮ್ಮಂಥೋರು ಪಕ್ಕದಲ್ಲಿದ್ರೆ ಒಳ್ಳೇದು. ಟೈಪಿಸ್ಟ್ ಮೇಡಂನ ದಾರೀಲಿ ಹತ್ತಿಸ್ಕೊಳ್ಳಿ, ಅವರಿಗೂ ನೋಡೋ ಆಸೆ. ನನ್ನ ಗಾಡೀಲಿ ಜಾಗ ಇಲ್ಲ, ನಿಮ್ಮನೆ ಕಾರು ತಗೊಳ್ಳಿ” ಎಂದುಬಿಟ್ಟರು.

ಮನೆಯ ಕಾರು ಎಂದರೆ ಹೆಂಡತಿಯ ಪುಟ್ಟ ಬಿಳಿ ಕಾರು. ಪಂಡಿತರು ಒಳಗೆ ಹೋಗಿ ಕೀಲಿಗೆ ಕೈಚಾಚಿದರು.

“ಅದು ನನ್ನ ಡ್ಯೂಟಿ ಕಾರು ಕಣ್ರೀ” ಎಂದರು ಹೆಂಡತಿ. “ಸಾಯಂಕಾಲ ಐದಕ್ಕೆ ಬಾಣಂತಿಗೆ ಹೊಲಿಗೆ ಬಿಚ್ಬೇಕು. ಅಲ್ಲಿಂದ ಇನ್ನೊಂದು ಮನೆಗೆ ಹೋಗಿ ಇಂಜೆಕ್ಷನ್ ಕೊಡ್ಬೇಕು. ಒಂದೇ ಒಂದ್ಸಲ ಇಲ್ಲ ಅನ್ನಿ. ಅವರೇನು ನುಂಗಿಬಿಡ್ತಾರಾ?”

“ಸಾಹೇಬ್ರು ಕಣೆ...”

“ನಾಲ್ಕು ಗಂಟೆಗೆ ಕಾರು ಬಾಗಿಲಲ್ಲಿರ್ಬೇಕು.”

“ಮೂರೂವರೆಗೇ ಇರತ್ತೆ” ಎಂದು ಪಂಡಿತರು ಮಾತು ಕೊಟ್ಟರು. ದರ್ಜಿ ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದ. ಅವನನ್ನು ಯಾರೂ ಕರೆದಿರಲಿಲ್ಲ.

ಟ್ರ್ಯಾಕಿನ ಬಾಗಿಲಲ್ಲೇ ತಗಡಿನ ಒಂದು ಶೆಡ್ಡು. ಅದರೊಳಗೆ ಹಾದುಹೋಗದೆ ಯಾವ ಕಾರೂ ಮುಂದೆ ಹೋಗುವಂತಿಲ್ಲ. ಅಲ್ಲಿ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ನೀಲಿ ಕೆಲಸದಂಗಿ ತೊಟ್ಟು, ಕನ್ನಡಕವನ್ನು ದಾರದಲ್ಲಿ ಎದೆಯ ಮೇಲೆ ಇಳಿಬಿಟ್ಟು, ಕೈಯಲ್ಲಿ ಟಾರ್ಚು ಹಿಡಿದು ನಿಂತಿದ್ದರು. ಟೈರ್ ತಪಾಸಣೆ ಅವರದು. ಹತ್ತು ಹನ್ನೆರಡು ಕಾರುಗಳ ಸಾಲಿತ್ತು. ಮಾಲೀಕರೆಲ್ಲ ಪರೀಕ್ಷೆಯ ಫಲಿತಾಂಶಕ್ಕೆ ಕಾದ ಮಕ್ಕಳಂತೆ ಉಗುರು ಕಚ್ಚುತ್ತಿದ್ದರು.

ಊಟದ ಹೊತ್ತು ದಾಟಿದ ಮೇಲೆ ಕೆಂಪು ಕಾರಿನ ಸರದಿ ಬಂತು. ಆಕೆ ಒಂದು ಸುತ್ತು ಬಂದು, “ಇದನ್ನ ಯಾರಾದ್ರೂ ನೋಡಿದ್ದಾರಾ?” ಎಂದು ಕೇಳಿದರು.

“ನಮ್ಮ ಪಂಡಿತರು ನೋಡಿ ಪಾಸು ಮಾಡಿದ್ದಾರೆ” ಎಂದು ಸಾಹೇಬರು ಪಂಡಿತರನ್ನು ಬೆನ್ನು ಹಿಡಿದು ಮುಂದಕ್ಕೆ ನೂಕಿದರು. “ಟೈರ್ ವಿಷಯದಲ್ಲಿ ನಮ್ಮ ಕಚೇರೀಲಿ ಇವರದೇ ಕೊನೇ ಮಾತು.”

“ಹೌದಾ? ಸಂತೋಷ. ಏನೇನು ನೋಡಿದ್ರಿ ಹೇಳಿ ಸಾರ್, ಉಳಿದೋರೂ ಕೇಳ್ಲಿ.”

ಆಕೆಯ ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ಪಂಡಿತರು ಎಚ್ಚೆತ್ತುಕೊಳ್ಳುತ್ತಿದ್ದರೋ ಏನೋ. ಸಾಲಿನಲ್ಲಿದ್ದವರು ಸುತ್ತ ನೆರೆದರು. ಟೈಪಿಸ್ಟ್ ಮೇಡಂ ಹೆಮ್ಮೆಯಿಂದ ನೋಡುತ್ತಿದ್ದರು. ಪಂಡಿತರು ಗಂಟಲು ಸರಿಮಾಡಿಕೊಂಡು ದಿಬ್ಬದ ವಿಷಯ ಹೇಳಿದರು. “ಸರಿ” ಎಂದರು ಆಕೆ. ಒಣ ಟ್ರ್ಯಾಕಿಗೆ ಸ್ವಲ್ಪ ಸವೆದ ಟೈರು ವಾಸಿ ಎಂದರು ಪಂಡಿತರು. “ಅದೂ ಸರಿ. ಮಳೆ ಇಲ್ದಿದ್ರೆ.” ಪಂಡಿತರ ಎದೆ ಪಂಪು ಹೊಡೆದ ಟ್ಯೂಬಿನಂತೆ ಉಬ್ಬಿತು. ಒಂದು ಕ್ಷಣ ಅವರಿಗೇ ತಾವು ತಜ್ಞರೆಂಬ ನಂಬಿಕೆ ಬಂದಿತ್ತು.

“ಆಮೇಲೆ?” ಎಂದರು ಆಕೆ.

“ಆಮೇಲೆ... ಒದ್ದು ನೋಡಿದೆ.”

ಯಾರೋ ಹಿಂದಿನಿಂದ ಕಿಸಕ್ಕೆಂದರು. ಆಕೆ ನಗಲಿಲ್ಲ. ಸಾಹೇಬರಿಗೆ ಸ್ಟೀರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಲು ಹೇಳಿದರು. ಮುಂದಿನ ಚಕ್ರಗಳು ಓರೆಯಾದವು. ಬೆಳಿಗ್ಗೆಯಿಂದ ಕಾರಿನ ಹೊಟ್ಟೆಯಡಿ ಅಡಗಿಕೊಂಡಿದ್ದ ಒಳ ಅಂಚು ಈಗ ಹೊರಬಂತು. ಆಕೆ ಟಾರ್ಚಿನ ಬೆಳಕು ಬಿಟ್ಟರು.

ಅಲ್ಲಿ ರಬ್ಬರೇ ಇರಲಿಲ್ಲ. ಹಳೆ ಬನಿಯನ್ನಿನ ಅಂಚಿನಂತೆ ನೂಲು ಎಳೆಎಳೆಯಾಗಿ ಬಿಟ್ಟುಕೊಂಡಿತ್ತು. ನಡುವೆ ಒಂದೆರಡು ತಂತಿ ಮಿಂಚುತ್ತಿತ್ತು.

“ಹೊಲಿಗೆ ಬಿಟ್ಟಿದೆ” ಎಂದ ದರ್ಜಿ, ತನ್ನ ವಿಷಯ ಬಂತೆಂಬ ಖುಷಿಯಲ್ಲಿ.

“ಟೈರು ಹೊರಗೆ ಹೇಗಿದ್ರೂ ಒಳಗಡೆ ಕೈಹಾಕಿ ನೋಡ್ಬೇಕು ಸಾರ್” ಎಂದರು ಆಕೆ. ಹೆಂಡತಿ ಬೆಳಿಗ್ಗೆ ಕೇಳಿದ ‘ಒಳಗಡೆ’ ಯಾವುದೆಂದು ಪಂಡಿತರಿಗೆ ಆಗ ಹೊಳೆಯಿತು. “ಇನ್ನು ಈ ನಾಲ್ಕು ಅಂಕಿ. ಮೊದಲೆರಡು ವಾರ, ಕೊನೆಯೆರಡು ವರ್ಷ. ಈ ಟೈರು ಹುಟ್ಟಿ ಹನ್ನೊಂದು ವರ್ಷ ಆಯ್ತು. ಆಗ ನನ್ನ ಮಗಳು ಮೂರನೇ ಕ್ಲಾಸು. ಈಗ ಕಾಲೇಜಲ್ಲಿದ್ದಾಳೆ. ಉಗುರು ಒತ್ತಿ ನೋಡಿ, ಇಳಿಯತ್ತಾ? ಇಳಿಯಲ್ಲ. ರಬ್ಬರು ಸತ್ತು ಕಲ್ಲಾಗಿದೆ.”

ಪಂಡಿತರು ಉಗುರು ಒತ್ತಿದರು. ಉಗುರೇ ಬಾಗಿತು.

ಆಕೆ ತಗ್ಗಿದ ದನಿಯಲ್ಲಿ, ಅವರೊಬ್ಬರಿಗೇ ಕೇಳುವಂತೆ ಹೇಳಿದರು: “ಮೂರನೇ ತಿರುವಲ್ಲಿ ಇದು ಸಿಡೀತಿತ್ತು. ಅಲ್ಲಿ ಎದುರಿಗೆ ಗೋಡೆ ಇದೆ. ನಿಮ್ಮ ಸಾಹೇಬರಿಗೆ ಮಕ್ಕಳಿದ್ದಾರಾ?”

“ಇಬ್ಬರು” ಎಂದರು ಪಂಡಿತರು. ಆ ಮಾತು ಹೇಳುವಾಗ ಅವರಿಗೆ ತಮ್ಮ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಇಷ್ಟು ಹೊತ್ತು ಜನ ನಗುತ್ತಾರೆಂದು ನಾಚಿಕೆಯಾಗಿತ್ತು. ಈಗ ಯಾರೂ ನಗದಿದ್ದರೂ ಕಿವಿಯೆರಡೂ ಕಾದ ಹೆಂಚಿನಂತೆ ಸುಡತೊಡಗಿದವು.

ಸಾಹೇಬರು ಮಾತ್ರ ಕುಗ್ಗಲಿಲ್ಲ. ಹೆಲ್ಮೆಟ್ಟು ತಂದಿದ್ದರು, ಬಣ್ಣದ ಕೈಗವಸು ತಂದಿದ್ದರು. ಅವರ ಕಣ್ಣು ಶೆಡ್ಡಿನ ಹೊರಗೆ ತಿರುಗಿ ಬಿಳಿ ಕಾರಿನ ಮೇಲೆ ನಿಂತಿತು.

“ಅದು ನಿಮ್ಮದಲ್ವಾ? ನಾಲ್ಕು ಸುತ್ತು ಹಾಕ್ಕೊಂಡು ಬರ್ತೀನಿ. ನಿಮ್ಮ ಅಭ್ಯಂತರ ಏನೂ ಇಲ್ವಲ್ಲ?”

ಪಂಡಿತರಿಗೆ ಜೋರಾಗಿ ಕೆಮ್ಮು ಬಂತು. ಅದನ್ನೇ ಒಪ್ಪಿಗೆ ಎಂದುಕೊಂಡ ಸಾಹೇಬರು ಬಿಳಿ ಕಾರನ್ನು ಶೆಡ್ಡಿಗೆ ತಂದರು.

ಪಂಡಿತರಿಗೆ ಉಳಿದಿದ್ದ ದಾರಿ ಒಂದೇ. ಆಕೆಯೇ ಇದನ್ನು ಫೇಲು ಮಾಡಬೇಕು. ಓಡಿಹೋಗಿ ಆಕೆಯ ಕಿವಿಯ ಹತ್ತಿರ ಪಿಸುಗುಟ್ಟಿದರು: “ಇದು ತುಂಬ ಹಳೇ ಟೈರು ಮೇಡಂ. ಒಳ ಅಂಚು ಪೂರ್ತಿ ಹೋಗಿದೆ. ಬಿರುಕೂ ಇದೆ. ಟ್ರ್ಯಾಕಿಗೆ ಬಿಡಲೇಬಾರದು.”

ಆಕೆ ಅವರ ಮುಖ ನೋಡಿದರು. ಸ್ಟೀರಿಂಗು ತಿರುಗಿಸಿದರು. ಒಳಗೆ ಕೈಹಾಕಿ ಸವರಿದರು. ಉಗುರು ಒತ್ತಿದರು, ಅಂಕಿ ಓದಿದರು, ಗಾಳಿ ಅಳೆದರು. ಒಂದೊಂದು ಟೈರಿಗೂ ಹಾಗೇ ಮಾಡಿ ಎದ್ದು ನಿಂತರು.

“ಇವತ್ತು ನಾನು ನೋಡಿದ್ರಲ್ಲಿ ಅತ್ಯಂತ ಚೆನ್ನಾಗಿರೋ ಟೈರು ಇವು” ಎಂದರು, ಎಲ್ಲರಿಗೂ ಕೇಳುವಂತೆ. “ಎರಡು ಕಡೆಯೂ ಸಮ ಸವೆದಿವೆ. ವಾರವಾರ ಗಾಳಿ ನೋಡಿದ್ರೆ ಮಾತ್ರ ಹೀಗಿರತ್ತೆ. ಯಾರು ನೋಡ್ಕೊಳ್ಳೋದು?”

“ನನ್ನ ಹೆಂಡತಿ.”

“ಹಾಗನ್ನಿ. ಆಗ ಸತ್ತಿದ್ದನ್ನ ಬದುಕಿದೆ ಅಂದ್ರಿ. ಈಗ ಬದುಕಿರೋದನ್ನ ಸತ್ತಿದೆ ಅಂತೀರಿ. ಗೊತ್ತಿಲ್ದೆ ಹೇಳಿದ್ದು ಮೊದಲನೇದು, ಅದನ್ನ ಕ್ಷಮಿಸ್ಬಹುದು ಸಾರ್. ಇದು ಗೊತ್ತಿದ್ದೇ ಹೇಳಿದ್ದು.”

ಸಾಲಿನಲ್ಲಿದ್ದವರು ಈ ಸಲ ನಗಲೇ ಇಲ್ಲ. ಟೈಪಿಸ್ಟ್ ಮೇಡಂ ಆಕಾಶ ನೋಡಿದರು. ಪಂಡಿತರು ತಮ್ಮ ಚಪ್ಪಲಿ ನೋಡಿಕೊಂಡರು. ಅವಸರದಲ್ಲಿ ಅದೇ ಹವಾಯಿ ಚಪ್ಪಲಿಯಲ್ಲೇ ಬಂದುಬಿಟ್ಟಿದ್ದರು.

ಮೊದಲ ಸುತ್ತಿನಲ್ಲಿ ಸಾಹೇಬರು ಬಿಳಿ ಕಾರನ್ನು ಗೌರವದಿಂದ ನಡೆಸಿದರು. ಎರಡನೆಯ ಸುತ್ತಿಗೆ ಗೌರವ ಹೋಯಿತು. ಬಾಣಂತಿಯರ ಮನೆಗೂ ಔಷಧಿ ಅಂಗಡಿಗೂ ಓಡಾಡಿ ಗೊತ್ತಿದ್ದ ಆ ಕಾರು ಪ್ರತಿ ತಿರುವಿನಲ್ಲೂ ಹೆರಿಗೆ ವಾರ್ಡಿನಂತೆ ಕೂಗಿಕೊಂಡಿತು. ಪಂಡಿತರು ಬೇಲಿಯ ತಂತಿ ಹಿಡಿದು ನಿಂತು ಒಂದೊಂದು ಕೂಗಿಗೂ ಕಣ್ಣು ಮುಚ್ಚುತ್ತಿದ್ದರು.

“ನಾಲ್ಕು ಸುತ್ತು ಅಂದಿದ್ರು, ಇದು ಹದಿನಾಲ್ಕನೇದು” ಎಂದು ದರ್ಜಿ ಲೆಕ್ಕ ಒಪ್ಪಿಸಿದ.

“ನೀವು ಕೈ ಅಡ್ಡ ಹಿಡಿದು ನಿಲ್ಸಿ ಪಂಡಿತರೇ” ಎಂದರು ಟೈಪಿಸ್ಟ್ ಮೇಡಂ.

ಪಂಡಿತರು ಕೈ ಎತ್ತಿದರು. ಮೂರನೇ ತಿರುವಿಗೆ ನುಗ್ಗುತ್ತಿದ್ದ ಸಾಹೇಬರು ತಮ್ಮ ಗುಮಾಸ್ತರು ಕೈಬೀಸಿ ಹುರಿದುಂಬಿಸುತ್ತಿದ್ದಾರೆ ಎಂದುಕೊಂಡು, ತಾವೂ ಒಂದು ಕೈ ಎತ್ತಿ ಬೀಸಿದರು. ಆಮೇಲೆ ಗೋಡೆ ನೆನಪಾಗಿ ಬ್ರೇಕಿನ ಮೇಲೆ ಎದ್ದು ನಿಂತರು. ಚಕ್ರಗಳು ನಿಂತವು. ಕಾರು ನಿಲ್ಲಲಿಲ್ಲ. ನೀಲಿ ಹೊಗೆ ಬಿಡುತ್ತ ಬಹಳ ದೂರ ಜಾರಿ, ಗೋಡೆಗೆ ಒಂದು ಮೊಳ ಇದೆ ಎನ್ನುವಾಗ ನಿಂತಿತು.

ವಾಪಸು ಬರುವಾಗ ಅದು ಕುಂಟುತ್ತಿತ್ತು. ದಡಕ್, ದಡಕ್. ತಪಾಸಣೆಯ ಹೆಂಗಸು ಬಗ್ಗಿ ನೋಡಿದರು. ದುಂಡಗಿದ್ದ ಮುಂದಿನ ಎರಡೂ ಟೈರು ಒಂದು ಕಡೆ ಅಂಗೈಯಗಲ ಚಪ್ಪಟೆಯಾಗಿ, ಅಲ್ಲಿ ಬಿಳಿ ನೂಲು ಕಾಣುತ್ತಿತ್ತು.

“ಮುಗೀತು. ಟ್ರ್ಯಾಕಿಗೂ ಇಲ್ಲ, ರಸ್ತೆಗೂ ಇಲ್ಲ” ಎಂದರು ಆಕೆ. “ಸ್ಟೆಪ್ನಿ ಇರೋದು ಒಂದೇ ತಾನೇ? ಎರಡು ಕಾರೂ ಇಲ್ಲೇ ಬಿಟ್ಟು ಹೋಗಿ. ನಾಳೆ ಟೈರು ತಂದು ಹಾಕ್ಸಿ.”

ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಪಂಡಿತರು ಶೆಡ್ಡಿನ ಹಿಂದಕ್ಕೆ ಹೋಗಿ ಹೆಂಡತಿಗೆ ಫೋನು ಮಾಡಿದರು. ಏನೂ ಮುಚ್ಚಿಡಲಿಲ್ಲ. ಕ್ಷೌರದ ಅಂಗಡಿಯಿಂದ ಹಿಡಿದು, ಬಿಳಿ ಕಾರಿನ ಟೈರನ್ನು ಸತ್ತಿದೆ ಎಂದು ಸುಳ್ಳು ಹೇಳಿದ್ದರವರೆಗೆ ಎಲ್ಲ ಹೇಳಿದರು. ಬೈಗುಳ ಬರಲಿ ಎಂದು ಕಾದರು. ಬರಲಿಲ್ಲ.

“ನಿಮಗೇನೂ ಆಗಿಲ್ವಲ್ಲ?” ಎಂದು ಹೆಂಡತಿ ಕೇಳಿದರು.

“ಇಲ್ಲ.”

“ಸರಿ, ನಾನು ಬಸ್ಸಿಗೆ ಹೋಗ್ತೀನಿ. ಈಗಲೇ ಹೊರಟ್ರೆ ಐದೂವರೆಗೆ ಮುಟ್ಬಹುದು. ಆ ಹುಡುಗಿ ಕಾಯ್ತಾ ಇರ್ತಾಳೆ.” ಹಾಗೆಯೇ, “ನೋಡಿ, ಇಲ್ಲ ಅನ್ನೋಕೆ ಬರತ್ತಲ್ಲ ನಿಮಗೆ. ನನ್ನ ಹತ್ರ ಈಗ ಅಂದ್ರಿ” ಎಂದು ಫೋನಿಟ್ಟರು.

ಪಂಡಿತರು ಫೋನನ್ನು ಜೇಬಿಗೆ ಹಾಕಿಕೊಂಡರು. ಬೈದಿದ್ದರೆ ಅರ್ಧ ಭಾರ ಇಳಿಯುತ್ತಿತ್ತು. ಆಮೇಲೆ ಒಂದು ನಿರ್ಧಾರ ಮಾಡಿ ಸಾಹೇಬರ ಕಡೆ ನಡೆದರು. ಸಾಹೇಬರು ಗೆಳೆಯರೊಬ್ಬರ ದೊಡ್ಡ ಕಾರು ಹತ್ತಲು ಸಿದ್ಧರಾಗಿದ್ದರು.

“ಸಾರ್, ಒಂದು ಮಾತು. ನನಗೆ ಟೈರಿನ ಬಗ್ಗೆ ಏನೂ ಗೊತ್ತಿಲ್ಲ. ಎಲ್ಲೋ ಒಂದು ಪುಟ ಓದಿದ್ದೆ, ಅಷ್ಟೇ. ಇವತ್ತು ನಿಮ್ಮ ಜೀವಕ್ಕೇ ಕುತ್ತು ತಂದಿದ್ದೆ. ನನ್ನನ್ನ ಕ್ಷಮಿಸ್ಬೇಕು. ನಾನು ಪಂಡಿತನಲ್ಲ.”

ಸಾಹೇಬರು ಗಟ್ಟಿಯಾಗಿ ನಕ್ಕು ಅವರ ಹೆಗಲ ಮೇಲೆ ಕೈಯಿಟ್ಟರು.

“ಗೊತ್ತಿತ್ತು ಕಣ್ರೀ!”

“ಸಾರ್?”

“ನಿಮಗೆ ಗೊತ್ತಿಲ್ಲ ಅಂತ ನನಗೆ ಗೊತ್ತಿತ್ತು. ನಿಮ್ಮ ಹತ್ರ ಬರೋಕೆ ಮುಂಚೆ ಮೂರು ಟೈರ್ ಅಂಗಡಿಗೆ ಹೋಗಿದ್ದೆ. ಮೂರೂ ಕಡೆ ಬೇಡ ಅಂದ್ರು. ಹೂಂ ಅನ್ನೋರು ಒಬ್ರು ಬೇಕಾಗಿತ್ತು. ಇಡೀ ಕಚೇರೀಲಿ ಯಾರು ಅಂತ ಯೋಚ್ನೆ ಮಾಡಿದೆ, ನಿಮ್ಮ ಮುಖಾನೇ ಕಣ್ಣೆದುರಿಗೆ ಬಂತು.”

ಪಂಡಿತರಿಗೆ ಮುಖವನ್ನು ಕಿತ್ತು ಜೇಬಿನಲ್ಲಿಟ್ಟುಕೊಳ್ಳಬೇಕು ಎನಿಸಿತು. ಇಷ್ಟು ಹೊತ್ತು ತಾವು ತಿಳಿಯದೇ ಹೇಳಿದ್ದು ತಪ್ಪೆಂದು ಕೊರಗಿದ್ದರು. ತಿಳಿಯದವನೆಂದೇ ಸಾಹೇಬರು ತಮ್ಮನ್ನು ಆರಿಸಿಕೊಂಡಿದ್ದರು ಎಂಬುದು ಅದಕ್ಕಿಂತ ಕೆಳಗಿನ ಮೆಟ್ಟಿಲು. ಅಂಥದ್ದೊಂದು ಮೆಟ್ಟಿಲು ಇದೆಯೆಂದೇ ಅವರು ಎಣಿಸಿರಲಿಲ್ಲ. ಸಾಕು, ಇನ್ನು ಸಾಕು ಎಂದುಕೊಂಡರು. ಮುಂದಿನ ಪ್ರಶ್ನೆ ಏನೇ ಬರಲಿ, ಯಾರೇ ಕೇಳಲಿ, ಉತ್ತರ ‘ಇಲ್ಲ’. ಆ ಶಬ್ದವನ್ನು ಹೊಟ್ಟೆಯಿಂದ ಎದೆಗೆ, ಎದೆಯಿಂದ ಗಂಟಲಿಗೆ ದಬ್ಬಿ ಸಿದ್ಧವಾಗಿ ನಿಂತರು.

ಸಾಹೇಬರು ಕಾರಿನಲ್ಲಿ ಕೂತು ಕಿಟಕಿಯಿಂದ ತಲೆ ಹೊರಹಾಕಿದರು.

“ಹಾಂ, ನೆನಪಾಯ್ತು. ನಮ್ಮ ಕಚೇರಿ ಲಿಫ್ಟು ನಿಲ್ಸಿ ಎರಡು ತಿಂಗಳಾಯ್ತಲ್ಲ. ಮೂರು ಜನ ಎಂಜಿನಿಯರ್‌ಗಳು ಬಂದು ಹಗ್ಗ ಸವೆದಿದೆ, ಓಡಿಸೋದು ಅಪಾಯ ಅಂತ ಬರೆದುಕೊಟ್ಟು ಹೋಗಿದ್ದಾರೆ. ನೀವೇನಂತೀರಿ ಪಂಡಿತರೇ? ಅಂಥ ಅಪಾಯವೇನೂ ಇಲ್ಲ, ಅಲ್ವಾ?”

“ಇಲ್ಲ!”

ಇಪ್ಪತ್ತೆರಡು ವರ್ಷ ಗಂಟಲಲ್ಲಿ ಕೊಳೆತಿದ್ದ ಶಬ್ದ ಗುಂಡಿನಂತೆ ಹಾರಿತು. ಶೆಡ್ಡಿನ ತಗಡು ಅದುರಿತು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. “ಇಲ್ಲ ಸಾರ್! ಇಲ್ಲ ಅಂದ್ರೆ ಇಲ್ಲ! ಸಾಧ್ಯವೇ ಇಲ್ಲ!”

ಪಂಡಿತರು ಕಣ್ಣು ಮುಚ್ಚಿಕೊಂಡು, ಎದೆ ಸೆಟೆಸಿ, ಬರಲಿರುವ ಗುಡುಗಿಗೆ ಕಾದರು.

“ಭೇಷ್!” ಎಂದರು ಸಾಹೇಬರು. “ಕೇಳಿದ್ರಾ ಟೈಪಿಸ್ಟ್ ಮೇಡಂ? ಅಪಾಯ ಇಲ್ಲ ಅಂತ ಐದು ಸಲ ಹೇಳಿದ್ರು, ಅದೂ ಎಷ್ಟು ಖಡಾಖಂಡಿತವಾಗಿ! ನಾಳೆ ಬೆಳಿಗ್ಗೆ ಬಂದ ತಕ್ಷಣ ಟೈಪ್ ಮಾಡಿ ಇವರ ಸಹಿ ಹಾಕ್ಸಿ. ಮಧ್ಯಾಹ್ನದಿಂದ ಲಿಫ್ಟು ಶುರು.”

“ಸಾರ್, ನಾನು ಹೇಳಿದ್ದು...” ಎಂದು ಪಂಡಿತರು ಕಣ್ಣು ಬಿಡುವಷ್ಟರಲ್ಲಿ ಕಾರು ಹೊರಟುಹೋಗಿತ್ತು. ಅವರು ಅದರ ಹಿಂದೆ ಹತ್ತು ಹೆಜ್ಜೆ ಓಡಿದರು. ಹವಾಯಿ ಚಪ್ಪಲಿಯ ಉಂಗುಷ್ಟ ಕಿತ್ತುಬಂತು.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಮೂವರೂ ಕೂತರು. ದರ್ಜಿ ಕಿತ್ತುಹೋದ ಚಪ್ಪಲಿಯನ್ನು ತಿರುಗಿಸಿ ನೋಡಿ, ಇದು ಹೊಲಿದರೆ ನಿಲ್ಲುವುದಿಲ್ಲ ಎಂದು ತೀರ್ಪು ಕೊಟ್ಟ. ಪಂಡಿತರು ನೆಲ ನೋಡುತ್ತಿದ್ದರು.

ಕೊನೆಗೆ ಟೈಪಿಸ್ಟ್ ಮೇಡಂ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡು ಮೆಲ್ಲಗೆ ಹೇಳಿದರು:

“ಪಂಡಿತರೇ, ಬೇಜಾರು ಮಾಡ್ಕೋಬೇಡಿ. ನಾಳೆಯಿಂದ ನಾನು ಮೆಟ್ಟಿಲಲ್ಲೇ ಹೋಗ್ತೀನಿ.”